ಆ ತೀರ್ಪು ಬರೆಯುವ ಕೆಲಸ ಅವರದ್ದಲ್ಲ

ಪ್ರಶ್ನೆ: ನನಗೆ 34 ವರ್ಷ, ಉಡುಪಿ ಕಡೆಯವಳು. ಆರು ವರ್ಷಗಳ ಹಿಂದೆ ಸ್ವಂತ ಇಚ್ಛೆಯಿಂದ ದೀಕ್ಷಾಸ್ನಾನ ಪಡೆದೆ. ತಾಯಿಯಿಲ್ಲದ ನನ್ನನ್ನು ಬೀಡಿ ಕಟ್ಟಿ ಓದಿಸಿದ ಅಜ್ಜಿ ಕಳೆದ ವರ್ಷ ತೀರಿಕೊಂಡಳು. ಮನೆಯಲ್ಲಿ ದೀಪ ಹಚ್ಚುವುದನ್ನು ಅವಳು ಬಿಡಲಿಲ್ಲ. ಆದರೆ ನನ್ನ ಜೊತೆ ಚರ್ಚಿಗೆ ಬಂದು, ಆರಾಧನೆ ಮುಗಿಯುವವರೆಗೆ ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತಿರುತ್ತಿದ್ದಳು. ‘ಸುವಾರ್ತೆ ಕೇಳಿಯೂ ಒಪ್ಪದ ಅವಳು ನರಕದಲ್ಲಿದ್ದಾಳೆ, ಕೊನೆಗಳಿಗೆಯಲ್ಲಿ ನೀನು ಬಾಯಿ ಬಿಡಲಿಲ್ಲ, ಅವಳ ರಕ್ತ ನಿನ್ನ ತಲೆಯ ಮೇಲಿದೆ’ ಎಂದು ಪ್ರಾರ್ಥನಾ ಕೂಟದ ಹಿರಿಯರೊಬ್ಬರು ಹೇಳಿದರು. ಅಂದಿನಿಂದ ನಿದ್ದೆಯಿಲ್ಲ. ಅವಳಿಲ್ಲದ ಸ್ವರ್ಗ ನನಗೇಕೆ ಎನಿಸುತ್ತದೆ. ಹೀಗೆನಿಸುವುದೂ ಪಾಪವೇ? ವರ್ಷಾಂತಿಕಕ್ಕೆ ಮಾವ ಕರೆದಿದ್ದಾರೆ. ಹೋಗಲೇ?

ಉತ್ತರ: ನಿಮಗೆ ಅನಿಸಿದ್ದು ಹೊಸದೇನಲ್ಲ. ಈಗಿನ ನೆದರ್‌ಲ್ಯಾಂಡ್ಸ್ ಕಡೆಯ ಫ್ರೀಸಿಯಾದ ದೊರೆ ರಾಡ್‌ಬೋಡ್ 719ರಲ್ಲಿ ತೀರಿಕೊಂಡವನು. ದೀಕ್ಷಾಸ್ನಾನದ ತೊಟ್ಟಿಗೆ ಕಾಲಿಡುವ ಹೊತ್ತಿನಲ್ಲಿ ಅವನು ‘ನನ್ನ ಹಿರಿಯರೆಲ್ಲ ಎಲ್ಲಿದ್ದಾರೆ’ ಎಂದು ಕೇಳಿದನಂತೆ. ನರಕದಲ್ಲಿ ಎಂಬ ಉತ್ತರ ಬಂದದ್ದೇ ತಡ, ಕಾಲು ಹಿಂದಕ್ಕೆ ತೆಗೆದನೆಂದು ಕಥೆ.

ಕಥೋಲಿಕ ಮಿಷನರಿ ಫ್ರಾನ್ಸಿಸ್ ಕ್ಸೇವಿಯರ್ ಬರೆದದ್ದು ಕಥೆಯಲ್ಲ. ಜಪಾನಿನಿಂದ ಮರಳಿದ ಅವರು 1552ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರ ಉಳಿದಿದೆ. ಜಪಾನಿನ ಹೊಸ ಕ್ರೈಸ್ತರು ಸತ್ತ ತಂದೆತಾಯಿಯರಿಗಾಗಿ ಅಳುತ್ತಿದ್ದರು. ದೇವರು ಅವರನ್ನು ಬಿಡಿಸಲಾರನೇ ಎಂದು ಕೇಳುತ್ತಿದ್ದರು. ಬಿಡುಗಡೆಯಿಲ್ಲ ಎಂದೇ ಕ್ಸೇವಿಯರ್ ನಂಬಿದ್ದರು. ಆದರೂ ಆ ಜನರ ದುಃಖ ಕಂಡು ತಮ್ಮ ಕಣ್ಣೀರು ತಡೆಯುವುದು ಕಷ್ಟವಾಗುತ್ತಿತ್ತು ಎಂದು ಬರೆದಿದ್ದಾರೆ. ಅಷ್ಟು ಕಟ್ಟುನಿಟ್ಟಿನ ಮನುಷ್ಯನೂ ಅಳುವವರ ಜೊತೆ ಅತ್ತ. ನಿಮ್ಮ ಕೂಟದ ಹಿರಿಯರಿಗೆ ಅಷ್ಟೂ ಆಗಲಿಲ್ಲ.

ಅವರ ಮಾತಿಗೆ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಆಧಾರವೇ ಇಲ್ಲ ಎಂದು ನಾನು ಹೇಳಲಾರೆ. ನಂಬದವನಿಗೆ ಆಗಲೇ ತೀರ್ಪಾಗಿದೆ ಎನ್ನುವ ಯೋಹಾನನ ಸುವಾರ್ತೆಯ 3ನೇ ಅಧ್ಯಾಯ ಅವರ ಕೈಯಲ್ಲಿದೆ. ಆದರೆ ಎಲ್ಲರೂ ರಕ್ಷಣೆ ಹೊಂದಬೇಕೆಂಬುದೇ ದೇವರ ಇಚ್ಛೆ ಎನ್ನುವ ತಿಮೊಥೆಯನಿಗೆ ಬರೆದ ಮೊದಲ ಪತ್ರವೂ ಅದೇ ಪುಸ್ತಕದಲ್ಲಿದೆ. ಮತ್ತಾಯನ 25ನೇ ಅಧ್ಯಾಯದ ತೀರ್ಪಿನ ದಿನ ಅರಸನು ಕೇಳುವುದು ಹಸಿದವರಿಗೆ ಊಟ ಕೊಟ್ಟಿರಾ ಎಂದು. ಈ ಎರಡು ಎಳೆಗಳನ್ನು ಹಿಡಿದು ಕ್ರೈಸ್ತರು ಹದಿನೆಂಟು ಶತಮಾನಗಳಿಂದ ವಾದಿಸುತ್ತಲೇ ಇದ್ದಾರೆ. ಕೊನೆಗೆ ಎಲ್ಲವೂ ದೇವರಲ್ಲಿಗೆ ಮರಳುತ್ತದೆ ಎಂದು ಮೂರನೆಯ ಶತಮಾನದಲ್ಲಿ ಧರ್ಮಪಂಡಿತ ಓರಿಜನ್ ಆಶಿಸಿದ. ನಿತ್ಯದಂಡನೆ ನಿತ್ಯವೇ ಎಂದು ಅವನ ನಂತರ ಬಂದ ಬಿಷಪ್ ಆಗಸ್ಟೀನ್ ಪಟ್ಟು ಹಿಡಿದ. ಸಭೆಯ ಹೊರಗೆ ರಕ್ಷಣೆಯಿಲ್ಲ ಎಂದು ಸಾರುತ್ತ ಬಂದ ಕಥೋಲಿಕ ಸಭೆ, ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ದೇವರನ್ನು ಪ್ರಾಮಾಣಿಕ ಮನಸ್ಸಿನಿಂದ ಅರಸಿ ಮನಸ್ಸಾಕ್ಷಿಯಂತೆ ನಡೆದವರಿಗೂ ರಕ್ಷಣೆ ಸಾಧ್ಯ ಎಂದು 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಬರೆದುಕೊಂಡಿತು. ಸುವಾರ್ತಾ (ಇವಾಂಜೆಲಿಕಲ್) ಪಂಥದಲ್ಲೇ ಗೌರವ ಪಡೆದ ಇಂಗ್ಲೆಂಡಿನ ಪಾದ್ರಿ ಜಾನ್ ಸ್ಟಾಟ್, ಕೊನೆಯಿಲ್ಲದ ಯಾತನೆಗಿಂತ ಕೊನೆಯ ನಾಶವೇ ಸತ್ಯವೇದದ ಅರ್ಥವಿರಬಹುದು ಎಂದು 1988ರಲ್ಲಿ ಹಿಂಜರಿಯುತ್ತಲೇ ಹೇಳಿದರು.

‘ಅಜ್ಜಿ ಕೇಳಿದ್ದಳಲ್ಲ’ ಎನ್ನುತ್ತಾರೆ. ಕಲ್ಲುಬೆಂಚಿನವರೆಗೆ ಕೇಳಿಸಿದ್ದು ಏನು, ಅದು ಅವಳೊಳಗೆ ಏನಾಯಿತು ಎಂಬುದನ್ನು ಅವರು ಎಲ್ಲಿ ನಿಂತು ನೋಡಿದರು? ನೂರಾರು ಜನರನ್ನು ಸಂತರೆಂದು ಹೆಸರಿಟ್ಟು ಘೋಷಿಸಿದ ಕಥೋಲಿಕ ಸಭೆಯೂ ಇಂಥವರು ನರಕದಲ್ಲಿದ್ದಾರೆ ಎಂದು ಒಬ್ಬರ ಹೆಸರನ್ನೂ ಘೋಷಿಸಿಲ್ಲ. ಸಿದ್ಧಾಂತ ನಂಬುವುದು ಬೇರೆ, ವಿಳಾಸ ಬರೆದು ಕೊಡುವುದು ಬೇರೆ.

ರಕ್ತದ ಮಾತು ಯೆಹೆಜ್ಕೇಲನ ಗ್ರಂಥದ್ದು. ಅಲ್ಲಿ ದೇವರು ಪ್ರವಾದಿಯನ್ನು ಇಸ್ರಾಯೇಲಿಗೆ ಕಾವಲುಗಾರನನ್ನಾಗಿ ನೇಮಿಸಿ, ಎಚ್ಚರಿಸದಿದ್ದರೆ ಸತ್ತವರ ರಕ್ತಕ್ಕೆ ಅವನೇ ಹೊಣೆ ಎಂದ. ಸಾಯುತ್ತಿರುವ ಅಜ್ಜಿಯ ಕೈ ಹಿಡಿದು ಕುಳಿತ ಮೊಮ್ಮಗಳ ತಲೆಗೆ ಆ ಮಾತನ್ನು ಕಟ್ಟಿದ್ದು, ನೇರವಾಗಿಯೇ ಹೇಳುತ್ತೇನೆ, ಕ್ರೌರ್ಯ. ನಿಮ್ಮ ಮೌನ ತಪ್ಪಾಗಿರಲಿಲ್ಲ. ಆ ಹೊತ್ತಿಗೆ ಬೇಕಾದದ್ದು ಅದೇ.

ನಿಮ್ಮ ಸಭಾಪಾಲಕರನ್ನು ಒಬ್ಬರನ್ನೇ ಭೇಟಿಯಾಗಿ ಈ ಮಾತು ತಿಳಿಸಿ. ಅವರೂ ಹಿರಿಯರ ಪಕ್ಷ ವಹಿಸಿದರೆ ಕೂಟ ಬದಲಿಸಿ. ಅದರಿಂದ ನಂಬಿಕೆ ಬಿಟ್ಟಂತಾಗುವುದಿಲ್ಲ. ನಿದ್ದೆಯಿಲ್ಲದೆ ತಿಂಗಳುಗಳು ಕಳೆದಿದ್ದರೆ ಮನೋವೈದ್ಯರನ್ನು ಕಾಣುವುದನ್ನು ಮುಂದೂಡಬೇಡಿ.

ವರ್ಷಾಂತಿಕಕ್ಕೆ ಹೋಗಿ. ಪಿಂಡದ ಮುಂದೆ ಕೂರಲು ಮನಸ್ಸು ಒಪ್ಪದಿದ್ದರೆ ಮಾವನಿಗೆ ಮೊದಲೇ ಹೇಳಿ. ನಿಮ್ಮ ಆರಾಧನೆ ಮುಗಿಯುವವರೆಗೆ ಅಜ್ಜಿ ಹೊರಗೆ ಕಾದಂತೆ, ಅವಳ ಕಾರ್ಯ ಮುಗಿಯುವವರೆಗೆ ನೀವು ಜಗಲಿಯಲ್ಲಿ ಕುಳಿತಿರಬಹುದಲ್ಲ.