ನೌಕರಿ ಬಿಟ್ಟು ಒಣದ್ರಾಕ್ಷಿ ಶೆಡ್ ಹಾಕಲೇನು?

ವಿಜಯಪುರ ಜಿಲ್ಲಾದ ತಿಕೋಟಾ ಕಡೆ ಶೆಡ್ ಹಾಕಾಕ ನೌಕರಿ ಬಿಡಲೇನು ಅಂತ ಕೇಳೀರಿ. ಸ್ವಂತ ಶೆಡ್ ಆಮ್ಯಾಲ ಹಾಕ್ರಿ, ರಾಜೀನಾಮೆನೂ ಈಗ ಬ್ಯಾಡ. ಒಣಗಿಸೋ ಹಂಗಾಮು ಫೆಬ್ರವರಿಯಿಂದ ಏಪ್ರಿಲ್ ತನಕ ಅಷ್ಟ. ಮೊದಲ ವರ್ಷ ರಜೆ ಹಾಕಿ, ಬಾಡಿಗೆ ಶೆಡ್ಡಿನಾಗ ಒಂದು ಟನ್ ಹಣ್ಣು ಒಣಗಿಸಿ ನೋಡ್ರಿ.

ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಮಾಲು, ಅದೂ ಸಿಹಿ 22 ಬ್ರಿಕ್ಸ್ (ಹಣ್ಣಿನ ರಸದಾಗಿನ ಸಕ್ಕರಿ ಅಳಿಯೋ ಮಾಪ) ದಾಟಿದ್ರ. ಅವಸರ ಮಾಡಿ ಕೊಯ್ದರ ತೂಕ ಸಿಗಂಗಿಲ್ಲ. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ (ದ್ರಾಕ್ಷಿ ಅದ್ದಾಕಂತನ ಸಿಗೋ ಎಣ್ಣಿ) ಕಲಸಿ ಗೊಂಚಲು ಎರಡರಿಂದ ನಾಲ್ಕು ನಿಮಿಷ ಅದ್ದಬೇಕು. ಸಿಪ್ಪಿ ಮ್ಯಾಲಿನ ಮೇಣ ಸಡಿಲಾಗಿ ನೀರು ಲಗೂನ ಆರ್ತದ. ಆಮ್ಯಾಲ ನೆರಳಿನಾಗ ಬಲೆ ಮ್ಯಾಲ ಸುಮಾರು 15 ದಿನ ಒಣಗಿಸಬೇಕು. ನೇರ ಬಿಸಿಲು ಬಿದ್ದರ ಹಸಿರು ಹೋಗಿ ಕಂದಾಗ್ತದ, ದರಾನೂ ಇಳೀತದ.

ಖರೆ ವೈರಿ ಅಕಾಲ ಮಳಿ. ತಾಡಪತ್ರಿ ಶೆಡ್ಡಿನ ಬದಿಗೇ ಸುತ್ತಿ ಕಟ್ಟಿರ್ರಿ, ಮೋಡ ಕಂಡಕೂಡ್ಲೆ ಇಳಿಬಿಡಾಕ.