ಬಹುಮಾನದ ಮಾತು ಆಮೇಲೆ, ಮೊದಲು ವೇಳೆ ಬದಲಿಸಿ

ಓದುಗರ ಪತ್ರ: ನಮ್ಮದು 180 ನೌಕರರ ಸಂಸ್ಥೆ. ಅರ್ಧದಷ್ಟು ಜನ ಮನೆಯಿಂದಲೇ ಕೆಲಸ ಮಾಡುತ್ತಾರೆ, ಉಳಿದವರು ಬೇರೆ ಬೇರೆ ಊರುಗಳಲ್ಲಿ ಫೀಲ್ಡ್‌ನಲ್ಲಿದ್ದಾರೆ. ಸಂಜೆ 6ಕ್ಕೆ ಆನ್‌ಲೈನ್ ವ್ಯಾಯಾಮ ತರಗತಿ ಆರಂಭಿಸಿದೆವು. ಮೊದಲ ವಾರ 60 ಜನ ಬಂದರು, ಐದನೇ ವಾರ ಏಳೇ ಜನ. ಬಹುಮಾನ ಇಟ್ಟರೆ ಬಂದಾರೆಯೇ?

ಸಂಪಾದಕರ ಉತ್ತರ: ಬರುತ್ತಾರೆ, ಬಹುಮಾನ ಇರುವಷ್ಟು ದಿನ. ಹೆಜ್ಜೆ ಎಣಿಸುವ ಸ್ಪರ್ಧೆಯಲ್ಲಿ ಮೊದಲೇ ಓಡಾಡುವ ಅಭ್ಯಾಸವಿರುವವರು ಗೆಲ್ಲುತ್ತಾರೆ. ಮಂಡಿನೋವಿನವರು ಎರಡನೇ ದಿನಕ್ಕೇ ಕೈಬಿಡುತ್ತಾರೆ. ನಿಮಗೆ ಬೇಕಾದವರು ಆ ಎರಡನೆಯವರೇ ಅಲ್ಲವೇ?

ತೊಡಕಿರುವುದು 'ಸಂಜೆ 6' ಎಂಬಲ್ಲಿ. ಆಗ ಮನೆಯಲ್ಲಿರುವವರಿಗೆ ಮಕ್ಕಳು, ಅಡುಗೆ. ಫೀಲ್ಡ್‌ನವರು ಇನ್ನೂ ದಾರಿಯಲ್ಲಿ. ತರಗತಿಯನ್ನು 20 ನಿಮಿಷಕ್ಕೆ ಇಳಿಸಿ, ಸಂಬಳದ ವೇಳೆಯೊಳಗೇ ತನ್ನಿ. ಒಂದೇ ತರಗತಿಯನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನಡೆಸಿ. ಆ 20 ನಿಮಿಷದ ಕೆಲಸವನ್ನು ದಿನದ ಗುರಿಯಿಂದಲೂ ಕಳೆಯಬೇಕು. ಇಲ್ಲದಿದ್ದರೆ ಅದನ್ನು ರಾತ್ರಿ ಕೂತು ಮುಗಿಸಬೇಕಾಗುತ್ತದೆ, ಮರುವಾರ ಯಾರೂ ಬರುವುದಿಲ್ಲ.

ಫೀಲ್ಡ್‌ನವರ ಕೈಯಲ್ಲಿರುವುದು ಮೊಬೈಲ್ ಮಾತ್ರ. ಅವರಿಗೆ ಇಮೇಲ್ ಕಳಿಸಿ ಫಲವಿಲ್ಲ. ಎರಡು ನಿಮಿಷದ ಆಡಿಯೊ ಸಾಕು, ಅವರಾಡುವ ಭಾಷೆಯಲ್ಲಿರಲಿ. ಆಪ್ತಸಮಾಲೋಚನೆಯ ಫೋನ್ ಸಂಖ್ಯೆಯನ್ನು ಗುರುತಿನ ಚೀಟಿಯ ಹಿಂಬದಿಯಲ್ಲೇ ಮುದ್ರಿಸಿ. ಅದಕ್ಕೂ ಮುನ್ನ ರಾತ್ರಿ 9ಕ್ಕೆ ನೀವೇ ಒಮ್ಮೆ ಆ ಸಂಖ್ಯೆಗೆ ಕರೆಮಾಡಿ ನೋಡಿ: ಯಾರು ಎತ್ತುತ್ತಾರೆ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ, ಎಷ್ಟು ಹೊತ್ತು ಕಾಯಿಸುತ್ತಾರೆ.

ಮನೆಯಿಂದ ದುಡಿಯುವವರಿಗೆ ನೀವು ಕೊಡಬಹುದಾದ ಅತ್ಯಂತ ಉಪಯುಕ್ತ ವಸ್ತುಗಳೆಂದರೆ ಲ್ಯಾಪ್‌ಟಾಪ್ ಸ್ಟ್ಯಾಂಡ್, ಬೇರೆ ಕೀಬೋರ್ಡ್ ಮತ್ತು ಮೌಸ್. ಲ್ಯಾಪ್‌ಟಾಪ್‌ನಲ್ಲಿ ಪರದೆ, ಕೀಲಿಗಳು ಒಟ್ಟಿಗೇ ಇರುವುದರಿಂದ ಕುತ್ತಿಗೆಗೆ ಸರಿಹೊಂದಿಸಿದರೆ ಕೈಗೆ ಎತ್ತರವಾಗುತ್ತದೆ, ಕೈಗೆ ಸರಿಹೊಂದಿಸಿದರೆ ಕುತ್ತಿಗೆ ಬಾಗುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗೆ, ಒಂದು ತೋಳಿನಷ್ಟು ದೂರದಲ್ಲಿರಲಿ. ಮೊಣಕೈ ಸುಮಾರು 90 ಡಿಗ್ರಿಯಲ್ಲಿ, ಪಾದ ನೆಲದ ಮೇಲೆ. ಇದನ್ನು ಪರೀಕ್ಷಿಸಲು ಮನೆಯ ಫೋಟೊ ಕೇಳಬೇಡಿ, ಹಲವರಿಗೆ ಮುಜುಗರ. ಐದಾರು ಪ್ರಶ್ನೆಗಳ ಪಟ್ಟಿ ಕೊಟ್ಟು ಅವರೇ ಗುರುತು ಹಾಕಿಕೊಳ್ಳಲಿ.

ನಂಬಿಕೆ ಮುರಿಯುವುದು ನೌಕರರ ಯೋಗಕ್ಷೇಮದ ಸಮೀಕ್ಷೆಯಲ್ಲಿ. ನಾಲ್ಕೇ ಜನರಿರುವ ಶಾಖೆಯಲ್ಲಿ ಊರು, ವಯಸ್ಸು, ವಿಭಾಗ ಕೇಳಿದರೆ ಹೆಸರು ಬರೆಸದಿದ್ದರೂ ಯಾರೆಂದು ಗೊತ್ತಾಗುತ್ತದೆ. ಹತ್ತಕ್ಕಿಂತ ಕಡಿಮೆ ಜನರ ಗುಂಪಿನ ಫಲಿತಾಂಶವನ್ನು ಪ್ರತ್ಯೇಕವಾಗಿ ಯಾರಿಗೂ ತೋರಿಸಬೇಡಿ. ಪ್ರಶ್ನೆಗಳಿಗೆ ಮನಸ್ಸಿನ ನೆಮ್ಮದಿ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒ-5 ಸೂಚಿ ಸಾಕು: ಕಳೆದ ಎರಡು ವಾರಗಳ ಬಗ್ಗೆ 5 ಪ್ರಶ್ನೆ, ಒಂದೊಂದಕ್ಕೆ 0ರಿಂದ 5 ಅಂಕ, ಒಟ್ಟು 25. ಮೂರು ತಿಂಗಳಿಗೊಮ್ಮೆ ಕೇಳಿ. ಉತ್ತರ ಬಂದ ಎರಡು ವಾರದೊಳಗೆ ಏನು ತಿಳಿಯಿತು, ಏನನ್ನು ಬದಲಿಸುತ್ತೀರಿ ಎಂದು ಎಲ್ಲರಿಗೂ ಹೇಳಿ. ಹೇಳದಿದ್ದರೆ ಮುಂದಿನ ಸಲ ಉತ್ತರಿಸುವವರು ಸಿಗುವುದಿಲ್ಲ.

ಇನ್ನು ತಂಡದ ಮುಖ್ಯಸ್ಥರು. ಕೆಲಸದ ಸ್ಥಳದಲ್ಲಿ ಮಾನಸಿಕ ಆರೋಗ್ಯ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ಅವರಿಗೆ ತರಬೇತಿ ಕೊಡಬೇಕೆನ್ನುತ್ತದೆ. ರೋಗ ಪತ್ತೆ ಅವರ ಕೆಲಸವಲ್ಲ; ನಡುರಾತ್ರಿಯ ಮೇಲ್, ಸಭೆಗಳಲ್ಲಿ ದಿಢೀರ್ ಮೌನ ಇಂಥವನ್ನು ಗಮನಿಸಿ, ವಿಚಾರಿಸಿ, ನೆರವು ಎಲ್ಲಿದೆಯೆಂದು ತಿಳಿಸಿದರೆ ಆಯಿತು. ಅದೇ ಸಂಸ್ಥೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೊಂದಿಗೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35 ಪ್ರತಿಶತ ಹೆಚ್ಚು. ಹಾಗಾಗಿ ಹೊಸ ತರಗತಿ ಶುರುಮಾಡುವ ಮುನ್ನ, ಕೆಲಸದ ವೇಳೆ ಮುಗಿದ ಮೇಲೆ ಗ್ರೂಪ್‌ಗೆ ಸಂದೇಶ ಹಾಕಕೂಡದೆಂದು ಮುಖ್ಯಸ್ಥರಿಗೆ ಲಿಖಿತ ಸೂಚನೆ ಕೊಡಿ.