ದೊಡ್ಡ ನೋಂಬಿನಲ್ಲಿ ಹಾಲು, ಮೀನಿನ ಬದಲಿಗೆ ಏನು?

ನಮಸ್ಕಾರ. ಈಸ್ಟರ್‌ಗೆ ಮುಂಚಿನ 50 ದಿನದ ಕ್ರೈಸ್ತ ನೋಂಬಿಗೆ (ವ್ರತಕ್ಕೆ) ಮೀನು, ಹಾಲು, ಮೊಸರು ಬಿಟ್ಟಾಗ ತೆಂಗಿನಹಾಲು ಸಾಕಾಗುತ್ತದೆಯೇ ಎಂದು ಕೇಳಿದ್ದೀರಿ. ಸಾಲದು. ಅದರಲ್ಲಿರುವುದು ಹೆಚ್ಚಾಗಿ ಕೊಬ್ಬು. ಪ್ರೋಟೀನ್, ಕ್ಯಾಲ್ಸಿಯಂ ತೀರಾ ಕಡಿಮೆ.

ಮೊಸರಿಗೆ ಶೇಂಗಾ ಒಳ್ಳೆಯದು. 100 ಗ್ರಾಂ ಹಸಿ ಶೇಂಗಾವನ್ನು ರಾತ್ರಿ ನೆನೆಸಿ, ಸಿಪ್ಪೆ ತೆಗೆದು, 400 ಮಿ.ಲೀ. ನೀರಿನಲ್ಲಿ ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಸೋಸಿ. ತಳ ಹಿಡಿಯದಂತೆ ಕೈಯಾಡಿಸುತ್ತಾ 10 ನಿಮಿಷ ಕುದಿಸಿ. ಬೆರಳು ಅದ್ದಿದರೆ ಉಗುರುಬೆಚ್ಚಗಿರುವಾಗ ತೊಳೆದ ಹಸಿಮೆಣಸಿನ ನಾಲ್ಕೈದು ತೊಟ್ಟು ಮುಳುಗಿಸಿ, ಮುಚ್ಚಿ 10-12 ಗಂಟೆ ಬಿಡಿ. ಹಾಲಿನ ಮೊಸರಿನ ಹೆಪ್ಪು ಹಾಕಿದರೆ ನೋಂಬು ಮುರಿದಂತೆಯೇ. ಬಿಸಿ ಹೆಚ್ಚಿದ್ದರೆ ಹುದುಗುವುದಿಲ್ಲ, ನೀರು ಹೆಚ್ಚಾದರೆ ಒಡೆದು ನಿಲ್ಲುತ್ತದೆ. ಮೊದಲ ಸಲ ತೆಳುವಾಗಿರುತ್ತದೆ. ಅದರದೇ ಒಂದು ಚಮಚ ಹೆಪ್ಪು ಹಾಕಿದ ಎರಡನೆಯದು ಗಟ್ಟಿಯಾಗುತ್ತದೆ. ವಾಸನೆ ಕೆಟ್ಟಿದ್ದರೆ ಚೆಲ್ಲಿಬಿಡಿ.

ಕ್ಯಾಲ್ಸಿಯಂಗೆ ರಾಗಿ (100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ) ಮತ್ತು ಸಿಪ್ಪೆ ಸಹಿತ ಎಳ್ಳಿನ ಚಟ್ನಿ.

ಮೀನಿನ ರುಚಿಗೆ ಜೀಗುಜ್ಜೆಯನ್ನು (ದೀವಿ ಹಲಸು) ಅರ್ಧ ಇಂಚು ದಪ್ಪ ಹೆಚ್ಚಿ, ಬ್ಯಾಡಗಿ ಮೆಣಸು, ಹುಣಸೆ, ಅರಿಶಿನದ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ ಸಣ್ಣ ಉರಿಯಲ್ಲಿ ಕಾಯಿಸಿ. ಆದರೆ ಅದು ಪಿಷ್ಟವೇ ಹೊರತು ಪ್ರೋಟೀನ್ ಅಲ್ಲ. ಜೊತೆಗೆ ಹುರುಳಿ ಸಾರು, ಅಲಸಂಡೆ ಕಾಳು ಅಥವಾ ಕಡಲೆ ಗಸಿ ಇರಲೇಬೇಕು. ದಿನಕ್ಕೊಂದು ಚಮಚ ಅಗಸೆ ಪುಡಿಯನ್ನೂ ಸೇರಿಸಿ. ಇಡೀ ಬೀಜ ಜೀರ್ಣವಾಗದೆ ಹಾಗೇ ಹೋಗುತ್ತದೆ.

ವಿಟಮಿನ್ ಬಿ12 ಇವುಗಳಲ್ಲಿ ಸಿಗದು. ಆರೋಗ್ಯವಂತರಿಗೆ 50 ದಿನ ತೊಂದರೆಯಿಲ್ಲ. ಗರ್ಭಿಣಿಯರು, ವಯಸ್ಸಾದವರು, ಮೆಟ್‌ಫಾರ್ಮಿನ್ (ಸಕ್ಕರೆ ಕಾಯಿಲೆಯ ಮಾತ್ರೆ) ತೆಗೆದುಕೊಳ್ಳುವವರು ಮೊದಲೇ ವೈದ್ಯರನ್ನು ಕೇಳಿ.